ರೇಡಾರಿನ ಬಾಯಿಗೆ ಕಟ್ಟಿದ ನಿಂಬೆಹಣ್ಣು

ಹಡಗಿನ ಮೂತಿಗೆ ಕೂರಿಸುವ ರೇಡಾರನ್ನು ನಾನು ಮೊದಲು ಕೂರಿಸಿದ್ದು ಹರಿಹರದ ಹಳೇ ಸೇತುವೆಯ ಮೇಲೆ. ಸಮುದ್ರ ನಮ್ಮೂರಿಗೆ ಬರುವುದಿಲ್ಲವಲ್ಲ, ಇರುವ ತುಂಗಭದ್ರೆಯಲ್ಲೇ ಪರೀಕ್ಷೆ ಮುಗಿಯಬೇಕಿತ್ತು. ಅಲೆ ಅಳೆಯುವ ಆ ರೇಡಾರು ಹಡಗಿನ ಕಂಪನಿಯದು. ಅದನ್ನು ಹಿಡಿದು ನೀರಿನ ಮೇಲೆ ಚಾಚಿಕೊಳ್ಳುವ ಕಬ್ಬಿಣದ ತೋಳು ನನ್ನ ವರ್ಕ್‌ಶಾಪಿನದು. ಅಲ್ಲಿಯವರೆಗೆ ಮಂಡಕ್ಕಿ ಭಟ್ಟಿಗಳಿಗೆ ಜರಡಿ, ಬಾಣಲೆ ಮಾಡಿಕೊಡುತ್ತಿದ್ದವನಿಗೆ ಹಡಗಿನ ಕೆಲಸವೆಂದರೆ ಸಣ್ಣ ಮಾತಲ್ಲ. ತೋಳು ಒಪ್ಪಿಗೆಯಾದರೆ ಅವರ ಎಲ್ಲ ಹಡಗುಗಳ ಕೆಲಸವೂ ನನಗೇ ಬರುತ್ತಿತ್ತು.

ಇದರಲ್ಲಿ ಮುಖ್ಯವಾದದ್ದು ಜಾಗ. ಹಡಗು ಸೀಳಿ ಎಬ್ಬಿಸಿದ ನೀರನ್ನು ಅಳೆದು ಪ್ರಯೋಜನವಿಲ್ಲ. ರೇಡಾರು ಮೂತಿಯಿಂದಾಚೆ ಚಾಚಿ, ಇನ್ನೂ ಕದಡದ ನೀರನ್ನು ನೇರ ಕೆಳಗೆ ನೋಡಬೇಕು. ಅದರ ನೋಟಕ್ಕೆ ಒಂದು ಹಗ್ಗವೂ ಅಡ್ಡ ಬರಬಾರದು. ಇದನ್ನು ಹೇಳಿ ಹೇಳಿ ನಮ್ಮ ವೆಲ್ಡರನ ತಲೆ ತಿಂದಿದ್ದೆ.

ಆ ಬೆಳಿಗ್ಗೆ ಆನೆಕೊಂಡದ ಮನೆಯಿಂದ ಹೊರಡುವಾಗ ಅವ್ವ ತಂತಿಗೆ ಪೋಣಿಸಿದ ನಿಂಬೆಹಣ್ಣು, ಮೆಣಸಿನಕಾಯಿ ಹಿಡಿದು ಬಂದಳು.

"ದೃಷ್ಟಿ ಆಗ್ತೈತೆ, ಕಟ್ಕ್ಯಾ."

"ಹಡಗಿನೋರು ಬರ್ತಾರೆ, ಮರ್ಯಾದಿ ತೆಗೀಬ್ಯಾಡ" ಎಂದು ರೇಗಿದೆ. ಅವಳು ಅದನ್ನು ನನ್ನ ಟೂಲ್ ಬ್ಯಾಗಿಗೆ ಹಾಕಿದಳು.

ಸೇತುವೆಯಲ್ಲಿ ರೇಡಾರನ್ನು ತೋಳಿಗೆ ಬಿಗಿದಾಯಿತು. ಹೊರಕ್ಕೆ ತಳ್ಳುವ ಮೊದಲು ಕೆಲಸದವರು ಚಹಾಕ್ಕೆ ಹೋದರು. ಸ್ಪ್ಯಾನರಿಗೆಂದು ಬ್ಯಾಗಿಗೆ ಕೈ ಹಾಕಿದರೆ ನಿಂಬೆಹಣ್ಣು ಸಿಕ್ಕಿತು. ತೋಳು ಒಪ್ಪಿಗೆಯಾಗದಿದ್ದರೆ ಗತಿಯೇನು ಅನ್ನಿಸಿತು. ಅತ್ತಿತ್ತ ನೋಡಿ ಕಟ್ಟಿಯೇಬಿಟ್ಟೆ. ಸ್ಕೂಟರಿಗೆ, ಟೆಂಪೋಗೆ ಕಟ್ಟಿ ರೂಢಿಯಾದ ಕೈ ಇನ್ನೆಲ್ಲಿ ಕಟ್ಟೀತು, ಮುಂದಕ್ಕೇ! ತೋಳಿನ ತುದಿಗೆ, ರೇಡಾರಿನ ಬಾಯಿಯ ಕೆಳಗೇ. ಓದಿದ ಎಂಜಿನಿಯರಿಂಗ್ ಆಗ ಎಲ್ಲಿ ಹೋಗಿತ್ತೋ. ಚಹಾ ಮುಗಿಸಿ ಬಂದವರು ಅದನ್ನು ಗಮನಿಸದೆ ತೋಳನ್ನು ಹೊರಕ್ಕೆ ತಳ್ಳಿದರು.

ಮಧ್ಯಾಹ್ನದ ಹೊತ್ತಿಗೆ ಅವ್ವ ಬುತ್ತಿ ತಂದು ನಮ್ಮ ಟೆಂಪೋ ನೆರಳಲ್ಲಿ ಕೂತಳು. ಆಮೇಲೆ ಮಂಗಳೂರಿನಿಂದ ಕಂಪನಿಯ ಎಂಜಿನಿಯರ್ ಬಂದರು, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಲ್ಯಾಪ್‌ಟಾಪ್ ತೆರೆದರೆ ಅಲೆ ತೋರಿಸುವ ಗೆರೆ ಅಲುಗಾಡಲೇ ಇಲ್ಲ.

"ನಮ್ ಹೊಳೆ ಭಾಳ ಶಾಂತ್ರೀ ಮೇಡಂ" ಎಂದೆ ಗತ್ತಿನಿಂದ.

"ಶಾಂತ ಇರಲಿ. ನೀರು ಕೈಗೆ ಸಿಗೋಷ್ಟು ಹತ್ತಿರ ಇದೆ ಅಂತ ತೋರಿಸ್ತಿದೆಯಲ್ಲ?"

ಅವರು ತಡೆಗೋಡೆಯ ಮೇಲಿಂದ ಬಗ್ಗಿದರು. ನಾನೂ ಬಗ್ಗಿದೆ. ನಿಂಬೆಹಣ್ಣು ಗಾಳಿಗೆ ಆರಾಮವಾಗಿ ತೂಗುತ್ತಿತ್ತು.

"ಯಾರು ಕಟ್ಟಿದ್ದು ಇದನ್ನ?"

ಅವ್ವ ಎದ್ದು ಬಂದು ಇಣುಕಿದಳು. ತಾನೇ ಪೋಣಿಸಿದ್ದು ಗುರುತಾಗದೇ ಇರುತ್ತದೆಯೇ? ನನ್ನ ಮುಖ ನೋಡಿದಳು. ಆಮೇಲೆ ಮೊಮ್ಮಗಳ ವಯಸ್ಸಿನ ಆ ಹುಡುಗಿಗೆ ಕೈಮುಗಿದಳು.

"ನಾನಾ ಕಟ್ಟಿದ್ದವ್ವಾ. ತಿಳೀಲಿಲ್ಲ, ತಪ್ಪಾತು. ನನ್ ಮಗಂದೇನೂ ಇಲ್ಲ ಇದ್ರಾಗೆ."

ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಅವಳ ಮುಗಿದ ಕೈ ನೋಡಲಾಗಲಿಲ್ಲ. "ಅವ್ವ ಅಲ್ರೀ ಮೇಡಂ, ಕಟ್ಟಿದ್ದು ನಾನು" ಎಂದೆ.

ಅವರು ನಕ್ಕುಬಿಟ್ಟರು. "ರೇಡಾರ್ ಗೊತ್ತಿರೋ ನೀವು ಅಲ್ಲಿ ಕಟ್ತೀರಾ? ನಂಬ್ತೀನಾ ನಾನು? ಇರಲಿ ಬಿಡಿ. ಅಮ್ಮನ್ನ ಬಿಟ್ಟುಕೊಡಲಿಲ್ಲ ನೋಡಿ, ಅದು ದೊಡ್ಡದು."

"ನಿಜವಾಗ್ಲೂ ನಾನೇರೀ" ಎಂದೆ. ಹೇಳಿದಷ್ಟೂ ನಾನು ದೊಡ್ಡವನಾಗುತ್ತಾ ಹೋದೆ. ವೆಲ್ಡರ್ ಕೂಡ ನನ್ನ ಕಡೆ ಮೆಚ್ಚುಗೆಯಿಂದ ತಲೆಯಾಡಿಸಿದ. ತೋಳನ್ನು ಒಳಕ್ಕೆಳೆದು ನಿಂಬೆಹಣ್ಣಿನ ತಂತಿ ಕತ್ತರಿಸಿ ಮತ್ತೆ ತಳ್ಳಿದೆವು, ಗೆರೆ ಹೊಳೆಯ ಜೊತೆ ಏರಿಳಿಯತೊಡಗಿತು. ಕೆಲಸ ನಿಮಗೇ ಎಂದು ಮೇಡಂ ಅಲ್ಲೇ ಹೇಳಿದರು.

ಊಟಕ್ಕೆ ಅವರೂ ಕೂತರು. "ಎಂಥಾ ಮಗನ್ನ ಹೆತ್ತಿದ್ದೀರಮ್ಮ" ಅಂದರು.

ಅವ್ವ ಅವರ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ, "ನಿನ್ ಹೊಟ್ಟ್ಯಾಗೂ ಇಂಥವ್ನೇ ಹುಟ್ಲವ್ವಾ" ಎಂದು ಹರಸಿದಳು. ಅವಳ ದನಿಯಲ್ಲಿ ಕೊಂಕಿನ ಎಳೆಯೂ ಇರಲಿಲ್ಲ. ಇದ್ದಿದ್ದರೆ ನನ್ನ ತಟ್ಟೆಯ ರೊಟ್ಟಿಯಾದರೂ ಸಲೀಸಾಗಿ ಇಳಿಯುತ್ತಿತ್ತು.