ಹಿಡಿಯೊಳಗಿನ ಬರಹ

ಮುಂಬಯಿ ಬಳಿಯ ವರ್ತಕ ನಗರದಲ್ಲಿ ನಮ್ಮ ಮೇಲಿನ ಮನೆಯ ಆಂಟಿ ಉಡುಪಿ ಕಡೆಯವರು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಗಂಡ ಜಪಾನಿನಿಂದ ತಂದಿದ್ದ ಹಳೆಯ ಕತ್ತಿಯೊಂದು ಅವರ ಬಳಿ ಇತ್ತು. ಗಂಡ ತೀರಿಹೋದ ಮೇಲೆ ಅದನ್ನು ಬಿಚ್ಚಿ ಒರೆಸುವ ಕೆಲಸ ಅವರದೇ. ಹಿಡಿಯ ಬಿದಿರಿನ ಮೊಳೆಯನ್ನು ಮೆಲ್ಲನೆ ತಟ್ಟಿ ತೆಗೆದು, ಹಿಡಿ ಕಳಚಿ, ಅಲಗಿನ ಹಳೆಯ ಎಣ್ಣೆಯನ್ನು ತೆಳು ಕಾಗದದಿಂದ ಒರೆಸಿ, ಹೊಸದಾಗಿ ಲವಂಗದ ಎಣ್ಣೆ ಸವರುತ್ತಿದ್ದರು. ಹತ್ತಿರ ಬಗ್ಗಿದವರಿಗೆಲ್ಲ ಒಂದೇ ಮಾತು: "ಉಸಿರು ತಾಗಿಸ್ಬೇಡಿ ಮಾರಾಯ್ರೆ, ತುಕ್ಕು ಹಿಡೀತದೆ."

ನಾನು ನವಿ ಮುಂಬಯಿಯ ಆಫೀಸೊಂದರಲ್ಲಿ ಜಪಾನಿ ಭಾಷೆಯ ಅನುವಾದಕಿ ಎಂದು ತಿಳಿದ ದಿನ, ಹಿಡಿಯೊಳಗೆ ಅಡಗಿರುವ ಕಬ್ಬಿಣದ ಮೇಲಿನ ಅಕ್ಷರಗಳನ್ನು ತೋರಿಸಿದರು. "ಇದೇನೋ ಆಶೀರ್ವಾದ ಅಂತ ಇವರು ಹೇಳ್ತಿದ್ರು. ಓದಿ ಹೇಳಿ."

ನಾನು ಎರಡು ಸಲ ಓದಿದೆ. "ಆಂಟಿ, ಒಂದೇ ಏಟಿಗೆ ಎರಡು ದೇಹ ತುಂಡಾಯ್ತು ಅಂತಿದೆ. ಆಗೆಲ್ಲ ಹರಿತ ನೋಡೋಕೆ ಮರಣದಂಡನೆ ಆದವರ ಹೆಣ ಕಡೀತಿದ್ರಂತೆ."

ಅವರ ಕೈಯ ಕಾಗದ ಜಾರಿತು. "ಆ ಇಬ್ಬರ ಹೆಸರುಂಟಾ?" ಎಂದರು.

"ಇಲ್ಲ. ಕತ್ತಿ ಮಾಡಿದವನದು, ಕಡಿದವನದು ಮಾತ್ರ."

"ಅಯ್ಯೋ ದೇವರೇ, ಇಷ್ಟು ವರ್ಷ ಮಗುವಿನ ಹಾಗೆ ನೋಡಿಕೊಂಡೆನಲ್ಲ!"

ಎದ್ದು ಹೋಗಿ ಸೋಪು ಹಚ್ಚಿ ಕೈ ತೊಳೆದು ಬಂದರು. ಎಣ್ಣೆ ಸವರಿ ಹಿಡಿ ಸೇರಿಸಿದರು. ಆದರೆ ಮೊಳೆಯನ್ನು ತೂತಿನವರೆಗೆ ತಂದು ಕೆಳಗಿಟ್ಟರು. "ನೀವೇ ಹಾಕಿ" ಎಂದು ಕತ್ತಿಯನ್ನು ನನ್ನತ್ತ ಸರಿಸಿದರು. ಅದುವರೆಗೆ ಅವರು ಅದನ್ನು ಯಾರಿಗೂ ಮುಟ್ಟಲು ಬಿಟ್ಟಿರಲಿಲ್ಲ.