ನಡುದಾರಿಯ ತೆಂಗಿನಕಾಯಿ

ಪಂಚನಹಳ್ಳಿಯ ಬಸವರಾಜಪ್ಪನವರ ಮಗಳು ಕೋಮಲಾ ಚಿಕ್ಕಂದಿನಲ್ಲಿ ತೋಟದಲ್ಲಿ ಅಂಗಾತ ಮಲಗಿ ಕಾಯಿ ಕೀಳುವುದನ್ನೇ ನೋಡುತ್ತಿದ್ದಳು. ಗರಿಗಳ ಸಂದಿಯಲ್ಲಿ ಬಿಸಿಲು ತೂಗಾಡುತ್ತಿತ್ತು. ಕಾಯಿ ಗೊನೆಯಿಂದ ಕಳಚುವುದು ಕಾಣುತ್ತಿತ್ತು, ದೊಪ್ಪೆಂದು ಬಿದ್ದದ್ದು ಕೇಳುತ್ತಿತ್ತು. ನಡುವಿನದು ಮಾತ್ರ ಕಣ್ಣಿಗೆ ಸಿಗುತ್ತಿರಲಿಲ್ಲ.

"ಅಪ್ಪಯ್ಯ, ಮಧ್ಯದಾಗೆ ಕಾಯಿ ಎಲ್ಲಿರುತ್ತೆ?"

"ಎಲ್ಲಿರುತ್ತೆ, ಬೀಳ್ತಾ ಇರುತ್ತೆ. ಏಳೇ ಅತ್ಲಾಗೆ, ತಲೆ ಮೇಲೆ ಬಿದ್ದಾತು!"

ಕಾಯಿ ಕೀಳುವಾಗ ಮರದ ಬುಡದಲ್ಲೇ ಮಲಗುವ ಮಗಳಿಗೆ ಯಾವ ತಂದೆ ತಾನೇ ಬೇರೆ ಉತ್ತರ ಕೊಟ್ಟಾನು, ಹೇಳಿ.

ಆ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಅವಳು ಓದಿದಳು. ಸಿಕ್ಕಿದ್ದು ಸೂತ್ರ. ಸಮಯ ಹಾಕಿದರೆ ದೂರ ಬರುತ್ತಿತ್ತು, ಮಾರ್ಕ್ಸೂ ಬಂತು, ಕಡೂರಿನ ಪಿಯು ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಕೆಲಸವೂ ಬಂತು. ಕಾಯಿ ಮಾತ್ರ ನಡುದಾರಿಯಲ್ಲೇ ಉಳಿಯಿತು. ಪಾಠದ ಮಧ್ಯೆ ಕಿಟಕಿಯಾಚೆ ನೋಡುತ್ತಾ ನಿಂತುಬಿಡುವ ಈ ಮೇಡಂಗೆ ಹುಡುಗರು ಹಿಂದಿನಿಂದ 'ಕನಸಿನ ಮೇಡಂ' ಎನ್ನುತ್ತಿದ್ದರು. ಸುಳ್ಳೇನಲ್ಲ.

ಕಳೆದ ಬೇಸಿಗೆಯ ತರಬೇತಿಯೊಂದರಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಚಲನೆ ಕಲಿಸುವ ಬಗೆ ತೋರಿಸಿದಾಗ ಅವಳ ಮೈ ಜುಮ್ಮೆಂದಿತು. ಸೂತ್ರ ಒಂದೇ ನೆಗೆತಕ್ಕೆ ನೆಲ ಮುಟ್ಟಿಸುತ್ತದೆ. ಇಲ್ಲಿ ಹಾಗಲ್ಲ. ಕಾಯಿ ಈಗ ಎಲ್ಲಿದೆ, ಎಷ್ಟು ವೇಗದಲ್ಲಿದೆ ಎಂದು ಮೊದಲು ಹೇಳಬೇಕು. ಚೂರು ಹೊತ್ತಿಗೆ ವೇಗ ಎಷ್ಟು ಹೆಚ್ಚುತ್ತದೆ, ಕಾಯಿ ಎಲ್ಲಿಗೆ ಸರಿಯುತ್ತದೆ ಎಂದು ಲೆಕ್ಕ ಹಾಕಿಸಬೇಕು. ಅಲ್ಲಿಂದ ಮತ್ತೆ ಅದೇ. ಅಂದರೆ ನಡುದಾರಿಯ ಒಂದೊಂದು ಗಳಿಗೆಯಲ್ಲೂ ಕಾಯಿ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ!

ಪ್ರಿನ್ಸಿಪಾಲ್ ಸೋಮಶೇಖರಪ್ಪನವರನ್ನು ಕಾಡಿ ಬೇಡಿ ಅವಳು ವಾರಕ್ಕೊಂದು ಪಿರಿಯಡ್ ಕಂಪ್ಯೂಟರ್ ರೂಮು ಗಿಟ್ಟಿಸಿದಳು. ಅವರು ಕೆಟ್ಟವರಲ್ಲ, ರಿಸಲ್ಟ್ ಎಂಬ ದೆವ್ವ ಮೆಟ್ಟಿಕೊಂಡವರು, ಅಷ್ಟೇ.

"ಗುರುವಾರ ನಾನೇ ಬಂದು ನೋಡ್ತೀನಿ ಮೇಡಂ. ಮಕ್ಕಳಿಗೆ ಏನಾದ್ರೂ ತಲೆಗೆ ಹತ್ತಿದ್ರೆ ಸರಿ. ಇಲ್ಲಾಂದ್ರೆ ಆ ಪಿರಿಯಡ್ ಟೆಸ್ಟಿಗೆ ಬಿಟ್ಕೊಟ್ಬಿಡಿ."

ಗುರುವಾರ ಅವರ ಎದುರು, ತಾನೇ ಕಂಪ್ಯೂಟರಿಗೆ ಬರೆದುಕೊಟ್ಟ ಲೆಕ್ಕ ಓಡಿಸಲು ಗುಂಡಿ ಒತ್ತಿದವಳು ಎಮ್ಮೆದೊಡ್ಡಿ ಕಡೆಯ ಮಾಯಾ, ಮಾತು ಕಡಿಮೆಯ ಹುಡುಗಿ. ಪರದೆಯ ಮೇಲಿನ ಕಾಯಿ ಗೊನೆಯಿಂದ ಕಳಚಿತು. ಕಳಚಿ, ಮೆಲ್ಲಗೆ ಮೇಲಕ್ಕೆ ಏರತೊಡಗಿತು. ಗರಿಗಳನ್ನು ದಾಟಿ, ನೀಲಿಯಲ್ಲಿ ತೇಲಿ, ಪರದೆಯ ಅಂಚಿನಲ್ಲಿ ಮಾಯವಾಯಿತು. ಒಂದು ಗಳಿಗೆ ಕೋಮಲಾ ಎಲ್ಲವನ್ನೂ ಮರೆತಳು. ಎಷ್ಟು ಚೆಂದ ಎನಿಸಿತು ಅವಳಿಗೆ.

ತರಗತಿ ಗೊಳ್ಳೆಂದು ನಕ್ಕಿತು.

"ಇದೇನ್ ಮೇಡಂ, ಕಾಯೋ ಗಾಳಿಪಟನೋ? ಮುಂದಿನ ವಾರದಿಂದ ಟೆಸ್ಟೇ ಇರ್ಲಿ" ಎಂದು ಸೋಮಶೇಖರಪ್ಪನವರು ಎದ್ದು ಹೋದರು.

ಕೋಮಲಾಳ ಬೆರಳು ಆಗಲೇ ಕೀಬೋರ್ಡಿನ ಹತ್ತಿರ ಹೋಗಿತ್ತು. ಅಳಿಸಬೇಕಾದದ್ದು ಒಂದು ಮೈನಸ್. ಅಳಿಸಿ, ಓಡಿಹೋಗಿ ಅವರನ್ನು ಕರೆತಂದರೆ ಪಿರಿಯಡ್ ಉಳಿದೀತು. ಆದರೆ ತಾನೇ ಅಳಿಸಿದರೆ ಮಾಯಾಳಿಗೆ ಇದೂ ಮತ್ತೊಂದು ಸೂತ್ರವಾಗುತ್ತದೆ. ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು.

"ಇದಕ್ಕೆ ಏನೂ ಗೊತ್ತಿಲ್ಲ ಮಾಯಾ. ಪಾಪ, ಹೇಳಿದಷ್ಟು ಮಾಡುತ್ತೆ. ನೀನು ಏನು ಹೇಳಿದೆ?"

"ಕೆಳಗೆ ಹೋದಂಗೆಲ್ಲ ಜಾಸ್ತಿ ಅಂತ ಹೇಳಿದ್ದೆ ಮೇಡಂ. ನಮ್ಮ ತೋಟದಾಗೆ ಬೋರ್ ಕೊರೆಸ್ದಾಗ ಹಂಗೇ ಎಣಿಸ್ತಿದ್ರು, ನೂರಡಿ, ಇನ್ನೂರಡಿ ಅಂತ." ಮಾಯಾ ತಡೆದಳು. ಕಣ್ಣು ಅರಳಿತು. "ಪುಸ್ತಕದಾಗೆ ಮೇಲಕ್ಕೆ ಎಣಿಸವ್ರೆ, ಅದಕ್ಕೇ ಬೀಳೋದಕ್ಕೆ ಮೈನಸ್! ಅಲ್ಲಿನ ಮೈನಸ್ ತಂದು ನನ್ನ ಲೆಕ್ಕಕ್ಕೆ ಹಾಕ್ಬಿಟ್ಟಿದೀನಿ."

ಅವಳೇ ಅಳಿಸಿದಳು. ಕಾಯಿ ನೆಲಕ್ಕೆ ಬಂತು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮುಂದಿನ ಗುರುವಾರ ಆ ಹೊತ್ತಿಗೆ ಟೆಸ್ಟ್ ನಡೆಯಿತು. ಊಟದ ಬಿಡುವಿನಲ್ಲಿ ಕೋಮಲಾ ಬುತ್ತಿ ಬಿಚ್ಚದೆ ಕೂತಿದ್ದಳು. ನಾಚಿಕೆ ಬಿಟ್ಟು ಹೇಳಬೇಕೆಂದರೆ, ಅಳು ಬಂದಿತ್ತು. ಮಾಯಾ ಬಾಗಿಲಲ್ಲಿ ನಿಂತು, "ಮೇಡಂ, ಸ್ವಲ್ಪ ಫೀಲ್ಡ್ ತಾವ ಬನ್ನಿ" ಎಂದಳು.

ಮೈದಾನದಲ್ಲಿ ಮಕ್ಕಳು ಸಾಲಾಗಿ ನಿಲ್ಲುತ್ತಿದ್ದರು. ಮೊದಲು ಹತ್ತಿರ ಹತ್ತಿರ, ಮುಂದೆ ಹೋದಂತೆ ದೂರ ದೂರ. ಒಬ್ಬರು ತಮ್ಮಲ್ಲಿಗೆ ಬಂದ ಕಾಯಿಯ ಜಾಗ ಮತ್ತು ವೇಗವನ್ನು ಮುಂದಿನವರ ಕಿವಿಯಲ್ಲಿ ಹೇಳುತ್ತಿದ್ದರು. ಅವರು ಬೆರಳು ಮಡಚಿ ಕೂಡಿ, ಲೆಕ್ಕ ಹೇಳಿದಲ್ಲಿಗೆ ನಡೆದುಹೋಗಿ ನಿಲ್ಲುತ್ತಿದ್ದರು.

"ಕಂಪ್ಯೂಟರಿಗೆ ಏನೂ ಗೊತ್ತಿಲ್ಲ ಅಂದ್ರಲ್ಲ ಮೇಡಂ. ಅದು ಮಾಡೋದನ್ನ ನಾವೇ ಮಾಡ್ಬೋದಲ್ವಾ ಅನ್ನಿಸ್ತು" ಎಂದು ಹೇಳಿ ಮಾಯಾ ಸಾಲಿನಲ್ಲಿ ತನ್ನ ಸರದಿ ಬಂದಿದ್ದ ಜಾಗಕ್ಕೆ ಓಡಿದಳು.

ಬಿಸಿಲು ಮಂಪರಿನಂತೆ ಹರಡಿತ್ತು. ಕೋಮಲಾ ಸಾಲಿನ ಪಕ್ಕದಲ್ಲೇ ನಡೆಯುತ್ತಾ ಹೋದಳು. ನಡುವೆ, ಮಾಯಾಳ ಎದುರಿಗೆ ಬಂದಾಗ ಕಾಲು ತಾನಾಗಿ ನಿಂತಿತು. ಅವಳು ಕೇಳಿದಳು.

"ಈಗ ಕಾಯಿ ಎಲ್ಲಿದೆ?"

"ನನ್ನತ್ರ ಐತೆ ಮೇಡಂ" ಎಂದಳು ಮಾಯಾ, ಪಕ್ಕದಲ್ಲಿ ಕಾದಿದ್ದ ಮುಂದಿನವಳ ಕಿವಿಯತ್ತ ಬಾಗುತ್ತಾ.