ಎಂಟು ಗಂಟೆಗೆ ಹುಟ್ಟುತ್ತಿದ್ದ ಸೂರ್ಯ

ಸುಬಾಂಗ್ ವಿಮಾನ ನಿಲ್ದಾಣದಿಂದ ಏರುವ ಚಿಕ್ಕ ಪ್ರೊಪೆಲರ್ ವಿಮಾನಗಳ ಸದ್ದು ಪೆಟಾಲಿಂಗ್ ಜಯಾದ ನಮ್ಮ ಈಗಿನ ಫ್ಲ್ಯಾಟಿಗೂ ಕೇಳಿಸುತ್ತದೆ. ಪಕ್ಕದ ಮನೆಯಲ್ಲಿ ಯಾರೋ ಗ್ರೈಂಡರಿಗೆ ಉದ್ದು ಹಾಕಿದ ಹಾಗೆ ಶುರುವಾಗಿ, ತಲೆಯ ಮೇಲೆ ಬಂದಾಗ ಕಿಟಕಿಯ ಗಾಜನ್ನು ಮೆಲ್ಲಗೆ ನಡುಗಿಸಿ ಹೋಗುತ್ತದೆ. ಆ ಸದ್ದು ಬಂದಾಗಲೆಲ್ಲ ನನ್ನ ಮೂಗಿಗೆ ಸೀಮೆಎಣ್ಣೆಯ ವಾಸನೆ ಬರುತ್ತದೆ, ಅದರ ಬೆನ್ನಿಗೇ ಇಂಗಿನ ಒಗ್ಗರಣೆಯದು. ಸುಬಾಂಗ್ ಜಯಾದ ನಮ್ಮ ಹಳೆಯ ಸಾಲುಮನೆಯಲ್ಲಿ ಶನಿವಾರದ ಬೆಳಗುಗಳು ಹಾಗೆ ಇರುತ್ತಿದ್ದವು. ಅಡುಗೆಮನೆಯಲ್ಲಿ ದೊಡ್ಡಮ್ಮನ ಸಾರು ಕುದಿಯುತ್ತಿತ್ತು. ಊಟದ ಮೇಜಿನ ಮೇಲೆ ಹಳೆಯ ಪೇಪರು ಹಾಸಿಕೊಂಡು ದೊಡ್ಡಪ್ಪ ಮತ್ತು ಅವರ ಗೆಳೆಯ ಲಿಮ್ ಅಂಕಲ್, ಎಲ್ಲೋ ಕಾಡಿನಲ್ಲಿ ಸಿಕ್ಕ ಅಲ್ಯೂಮಿನಿಯಂ ಚೂರುಗಳನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರೆಸುತ್ತಿದ್ದರು. "ನಿಮ್ಮ ತುಕ್ಕು ತಗಡಿಗೆ ನನ್ನ ಊಟದ ಮೇಜೇ ಆಗ್ಬೇಕಾ ಮಾರಾಯ್ರೆ?" ಎಂದು ದೊಡ್ಡಮ್ಮ ವಾರಕ್ಕೊಮ್ಮೆ ಕೇಳುತ್ತಿದ್ದರು. "ಅಲ್ಯೂಮಿನಿಯಂ ತುಕ್ಕು ಹಿಡಿಯುದಿಲ್ಲ" ಎಂದು ದೊಡ್ಡಪ್ಪ ವಾರಕ್ಕೊಮ್ಮೆ ಉತ್ತರಿಸುತ್ತಿದ್ದರು.

ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮೇಲೆ ವಿಮಾನ ಬಂದರೆ ಯಾರು ಏನು ಹೇಳುತ್ತಿದ್ದರೂ ಅಲ್ಲಿಗೇ ನಿಲ್ಲಿಸಬೇಕು. ದೊಡ್ಡಪ್ಪ ತೋರುಬೆರಳು ಎತ್ತುತ್ತಿದ್ದರು, ಎಲ್ಲರೂ ಕಿವಿಗೊಡುತ್ತಿದ್ದೆವು, ಲಿಮ್ ಅಂಕಲ್ ಮೆಲುದನಿಯಲ್ಲಿ ಎಂಜಿನ್ನಿನ ಜಾತಿ ಹೇಳುತ್ತಿದ್ದರು. ಸದ್ದು ಹೋದ ಮೇಲೆ ಮಾತು ನಿಂತ ಪದದಿಂದಲೇ ಮತ್ತೆ ಶುರು. ನಾನೂ ಅಮ್ಮನೂ ಜಗಳವಾಡುವಾಗ ಕೂಡ ಹಾಗೆಯೇ ನಡೆಯುತ್ತಿತ್ತು. ನೋಡಲು ಬಂದ ನೆಂಟರು ಇವರಿಗೆಲ್ಲ ಏನಾಯಿತೆಂದು ಗಾಬರಿಯಾಗುತ್ತಿದ್ದರು.

ದೊಡ್ಡಪ್ಪ ಮಣಿಪಾಲದಿಂದ ಬಂದು ಇಲ್ಲಿನ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದವರು. ಅವರ ತಮ್ಮನಾದ ನನ್ನ ಅಪ್ಪ ಕ್ಲಾಂಗ್ ಬಂದರಿನ ಸರಕು ಕಂಪನಿಯೊಂದರಲ್ಲಿದ್ದರು. ಎರಡೂ ಸಂಸಾರ ಒಂದೇ ಮನೆಯಲ್ಲಿ. ಲಿಮ್ ಅಂಕಲ್ ಮೂವತ್ತು ವರ್ಷ ವಿಮಾನಗಳ ಎಂಜಿನ್ ರಿಪೇರಿ ಮಾಡಿ ನಿವೃತ್ತರಾಗಿದ್ದರು. ಯುದ್ಧಕಾಲದಲ್ಲಿ ಈ ನಾಡಿನ ಕಾಡುಗಳಲ್ಲಿ ಬಿದ್ದು ಕಾಣೆಯಾದ ವಿಮಾನಗಳನ್ನು, ಅವುಗಳಲ್ಲಿದ್ದ ಹುಡುಗರ ಹೆಸರುಗಳನ್ನು ಹುಡುಕುವುದು ಇಬ್ಬರ ಹುಚ್ಚು. ನನ್ನ ಹುಚ್ಚು ಬೇರೆ. ಒಂಬತ್ತನೆಯ ವಯಸ್ಸಿನಿಂದ ನಾನು ದಿನಚರಿ ಬರೆಯುತ್ತಿದ್ದೆ. ಸೂರ್ಯ ಹುಟ್ಟಿದ ಹೊತ್ತು, ಆ ದಿನ ಹಾರಿದ ವಿಮಾನ ಎಷ್ಟು, ಯಾರು ಎಷ್ಟು ಇಡ್ಲಿ ತಿಂದರು, ಎಲ್ಲವೂ ಅದರಲ್ಲಿ ಇರಬೇಕು. ಸೂರ್ಯ ಇಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಏಳಕ್ಕೇ ಹುಟ್ಟುತ್ತಾನೆ, ಆದರೂ ಬರೆಯುತ್ತಿದ್ದೆ. ದೊಡ್ಡಪ್ಪ ನನ್ನನ್ನು ಚಿತ್ರಗುಪ್ತ ಎಂದು ಕರೆಯುತ್ತಿದ್ದರು.

ನನಗೆ ಹನ್ನೆರಡು ವರ್ಷವಾಗಿದ್ದಾಗ ಆ ಮೇಜಿನ ಮೇಲೆ ಇಂಗ್ಲೆಂಡಿನಿಂದ ಬಂದ ಕಾಗದಗಳ ಒಂದು ಕಟ್ಟು ಇತ್ತು. ಬರೆದಾಕೆ ಐವಿ ಎಂಬ ವೃದ್ಧೆ. ನಮ್ಮ ಮನೆಯಲ್ಲಿ ಆಕೆ ಐವಿ ಅಜ್ಜಿ. ಆಕೆಯ ಅಣ್ಣ ಬಾಂಬರ್ ವಿಮಾನದಲ್ಲಿ ರೇಡಿಯೋ ನೋಡಿಕೊಳ್ಳುವ ಕೆಲಸದಲ್ಲಿದ್ದ. ವಿಮಾನ ಆಗ ಮಲಯಾ ಎನಿಸಿದ್ದ ಈ ನಾಡಿನ ಮೇಲೆ ಬಿದ್ದಿತು, ಎಲ್ಲಿ ಎಂದು ಯಾರಿಗೂ ಗೊತ್ತಾಗಲಿಲ್ಲ. ಊರಿನ ಸ್ಮಶಾನದಲ್ಲಿ ಅಪ್ಪ ಅಮ್ಮನ ಕಲ್ಲಿನ ಮೇಲೆ ಅವನ ಹೆಸರನ್ನೂ ಕೆತ್ತಿಸಿ, ಬಿದ್ದ ಜಾಗಕ್ಕೆಂದು ಕೆಳಗೆ ಒಂದು ಸಾಲು ಖಾಲಿ ಬಿಡಿಸಿದ್ದರಂತೆ. ಆ ಸಾಲು ತುಂಬಿದ್ದನ್ನು ನೋಡಿ ಸಾಯಬೇಕು ಎಂಬುದು ಆಕೆಯ ಆಸೆ. ಆಕೆಗೆ ಎಂಬತ್ತು ದಾಟಿತ್ತು, ಒಂದೊಂದು ಕಾಗದಕ್ಕೂ ಅಕ್ಷರ ಇನ್ನಷ್ಟು ನಡುಗುತ್ತಿತ್ತು. ಹನ್ನೊಂದು ಕಾಗದ ಬಂದಿದ್ದವು. ಹನ್ನೊಂದರ ಕೊನೆಯಲ್ಲೂ ಒಂದೇ ಪ್ರಶ್ನೆ: ಜಾಗ ಸಿಕ್ಕಿತೇ?

ಸಿಕ್ಕಿರಲಿಲ್ಲ. ಆ ವಿಮಾನ ಹೊಗೆಯಾಡುತ್ತ ಒಂದು ಬೆಟ್ಟದ ಹಿಂದೆ ಇಳಿದದ್ದನ್ನು ಜೊತೆಯಲ್ಲಿದ್ದ ಇನ್ನೊಂದು ವಿಮಾನದವರು ನೋಡಿ, ಗ್ರೀನ್‌ವಿಚ್ ಸಮಯ ನಾಲ್ಕು ಗಂಟೆ ಐದು ನಿಮಿಷ ಎಂದು ಬರೆದಿಟ್ಟಿದ್ದರು. ಯಾವ ಬೆಟ್ಟ ಎಂದು ಬರೆದಿರಲಿಲ್ಲ. ಲಿಮ್ ಅಂಕಲ್ ಅದಕ್ಕೆ ಎಂಟು ಗಂಟೆ ಸೇರಿಸಿ, ನಮ್ಮ ಸಮಯ ಹನ್ನೆರಡೂ ಐದು ಎಂದು ಗೋಡೆಗೆ ಅಂಟಿಸಿದ್ದ ಪಟ್ಟಿಯಲ್ಲಿ ಬರೆದಿದ್ದರು. ವಿಮಾನದ ಕೆಲಸದಲ್ಲಿ ಮೂವತ್ತು ವರ್ಷವೂ ಅವರು ಎಂಟೇ ಸೇರಿಸಿದ್ದು. ಇನ್ನೊಂದು ಕಡೆ, ದೊಡ್ಡಪ್ಪನ ವಿದ್ಯಾರ್ಥಿಯೊಬ್ಬನ ಮುತ್ತಜ್ಜಿ, ಕ್ಲಾಂಗಿನಲ್ಲಿದ್ದ ಭಾಕಿಯಂ ಪಾಟಿ, ಒಂದು ನೋಟುಬುಕ್ಕು ತೋರಿಸಿದ್ದರು. ಅವರ ಅಪ್ಪ ಬುಕಿಟ್ ಕೆನಂಗ ರಬ್ಬರ್ ತೋಟದಲ್ಲಿ ಗುಮಾಸ್ತರು. ಅದೇ ತಾರೀಕಿನ ಪುಟದಲ್ಲಿ, ರಬ್ಬರ್ ಹಾಲಿನ ತೂಕದ ಕೆಳಗೆ, ಒಂದು ಗಂಟೆ ಐದು ನಿಮಿಷಕ್ಕೆ ಬೆಟ್ಟದ ಹಿಂದೆ ವಿಮಾನ ಬಿತ್ತು ಎಂದು ತಮಿಳಿನಲ್ಲಿ ಒಂದು ಸಾಲಿತ್ತು. ದೊಡ್ಡಪ್ಪ ಹಿಗ್ಗಿದ್ದರು. ಲಿಮ್ ಅಂಕಲ್ ತಲೆಯಾಡಿಸಿದ್ದರು. "ಕ್ಯಾನಾಟ್ ಲಾ, ಡಾಕ್ಟರ್. ಒನ್ ಅವರ್ ಡಿಫರೆನ್ಸ್. ಹೊತ್ತಿ ಉರಿಯೋ ವಿಮಾನ ಒಂದು ಗಂಟೆ ಗಾಳಿಯಲ್ಲೇ ನಿಲ್ಲೋದಿಲ್ಲ. ಇದು ಬೇರೆ ವಿಮಾನ." ಇಬ್ಬರೂ ಮತ್ತೆರಡು ಸಲ ಕ್ಲಾಂಗಿಗೆ ಹೋಗಿ ಪಾಟಿಯನ್ನು ಪ್ರಶ್ನಿಸಿದರು: ಎಂಜಿನ್ ಎರಡೋ ನಾಲ್ಕೋ, ಹೊಗೆ ಕಪ್ಪೋ ಬಿಳಿಯೋ. ಪಾಟಿ ಸುಸ್ತಾದರು. ಪಟ್ಟಿಯಲ್ಲಿದ್ದ ಬುಕಿಟ್ ಕೆನಂಗದ ಮೇಲೆ ಲಿಮ್ ಅಂಕಲ್ ಅಡ್ಡಗೆರೆ ಎಳೆದರು.

ದೀಪಾವಳಿ ಬಂತು. ಆ ಮುದುಕಿಗೆ ಅಷ್ಟು ಕಾಟ ಕೊಟ್ಟಿದ್ದೀರಿ, ಒಂದು ಡಬ್ಬಿ ಕೋಡುಬಳೆಯಾದರೂ ಕೊಟ್ಟು ಬರುತ್ತೇನೆ ಎಂದು ದೊಡ್ಡಮ್ಮ ಹೊರಟರು. ನಾನು ದಿನಚರಿ ಹಿಡಿದು ಜೊತೆಗೆ ಹೋದೆ. ದೊಡ್ಡಮ್ಮನ ತಮಿಳು ತರಕಾರಿ ಅಂಗಡಿಯಲ್ಲಿ ಕಲಿತದ್ದು. ಅವರಿಬ್ಬರೂ ವಿಮಾನದ ಮಾತನ್ನೇ ಎತ್ತಲಿಲ್ಲ. ಮಂಡಿ ನೋವು, ಸೊಸೆಯಂದಿರು, ಬೆಳಗ್ಗೆ ಎಷ್ಟು ಹೊತ್ತಿಗೆ ಏಳುವುದು, ಹೀಗೆ ಹೋಯಿತು ಮಾತು. ತೋಟದಲ್ಲಿ ಎಷ್ಟು ಗಂಟೆಗೆ ಏಳುತ್ತಿದ್ದಿರಿ ಎಂದು ದೊಡ್ಡಮ್ಮ ಕೇಳಿದ್ದಕ್ಕೆ ಪಾಟಿ ಬಾಯಿಗೆ ಸೆರಗು ಹಿಡಿದು ನಕ್ಕರು. "ಜಪಾನ್‌ಕಾರ ಇಲ್ಲಿ ಆಳುತ್ತಿದ್ದಾಗ ಅದನ್ನು ಕೇಳಲೇಬೇಡ, ಅಮ್ಮಾ. ಗಡಿಯಾರ ಏಳು ಹೊಡೆದರೂ ಮೇಲೆ ನಕ್ಷತ್ರ. ಎಂಟು ಹೊಡೆದ ಮೇಲೆ ಸೂರ್ಯ ಬರುತ್ತಿದ್ದ. ಸೂರ್ಯನೂ ಜಪಾನ್‌ಕಾರನಿಗೆ ಹೆದರಿ ತಡವಾಗಿ ಬರ್ತಾನೆ ಅಂತ ನಮ್ಮಮ್ಮ ಬೈಯುತ್ತಿದ್ದಳು." ನಾನು ಅದನ್ನು ಬರೆದುಕೊಂಡು, ಪಕ್ಕದಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದೆ. ನನ್ನ ಮೂರು ವರ್ಷದ ಪಟ್ಟಿಯಲ್ಲಿ ಸೂರ್ಯ ಒಮ್ಮೆಯೂ ಎಂಟಕ್ಕೆ ಹುಟ್ಟಿರಲಿಲ್ಲ. ಪಾಟಿಗೆ ಮರೆವು ಎಂದುಕೊಂಡೆ.

ಮುಂದಿನ ಶನಿವಾರ ಇಡ್ಲಿಯ ವಿಷಯಕ್ಕೆ ಜಗಳವಾಯಿತು. ಲಿಮ್ ಅಂಕಲ್ ಹೋದ ವಾರ ಒಂಬತ್ತು ತಿಂದರೆಂದು ದೊಡ್ಡಪ್ಪ, ಏಳೇ ಎಂದು ಲಿಮ್ ಅಂಕಲ್. "ಚಿತ್ರಗುಪ್ತ, ಓದು ಮಾರಾಯ್ತಿ, ಇವರ ಪಾಪ ಎಷ್ಟುಂಟು?" ಎಂದರು ದೊಡ್ಡಪ್ಪ. ನಾನು ಪುಟ ಮಗುಚುವಾಗ ಕ್ಲಾಂಗಿನ ಪುಟ ಬಂತು. ಹೆಮ್ಮೆಗೆ ಅದನ್ನೇ ಮೊದಲು ಓದಿದೆ: "ಪಾಟಿ ಸೇಸ್, ಜಪಾನೀಸ್ ಟೈಮಲ್ಲಿ ಸನ್‌ರೈಸ್ ಎಟ್ ಏಟ್. ರಾಂಗ್. ಸನ್‌ರೈಸ್ ಈಸ್ ಎಟ್ ಸೆವೆನ್."

ಲಿಮ್ ಅಂಕಲ್ ಚಮಚ ಕೆಳಗಿಟ್ಟರು. ಇನ್ನೊಮ್ಮೆ ಓದು ಎಂದರು. ಓದಿದೆ. ಅವರು ಎದ್ದು ಗೋಡೆಯ ಪಟ್ಟಿಯ ಮುಂದೆ ಹೋಗಿ ನಿಂತರು. "ಟೋಕಿಯೋ ಟೈಮ್. ಅಯ್ಯೋ, ಡಾಕ್ಟರ್! ಇಡೀ ದೇಶಕ್ಕೆ ಟೋಕಿಯೋ ಗಡಿಯಾರ ಹಾಕಿದ್ದರು. ಆಗ ಪ್ಲಸ್ ನೈನ್. ನಾಟ್ ಏಟ್. ನಾನು, ಸ್ಟುಪಿಡ್ ಮುದುಕ, ಈಗಿನ ಎಂಟು ಸೇರಿಸ್ತಾ ಕೂತಿದ್ದೆ." ಹನ್ನೆರಡೂ ಐದನ್ನು ಹೊಡೆದುಹಾಕಿ, ಕೆಳಗೆ ಒಂದೂ ಐದು ಎಂದು ಬರೆದರು. ಆಕಾಶದಲ್ಲಿದ್ದವರು ಬರೆದ ನಿಮಿಷವೂ ನೆಲದ ಮೇಲಿದ್ದ ಗುಮಾಸ್ತರು ಬರೆದ ನಿಮಿಷವೂ ಒಂದೇ ಆಗಿ ಗೋಡೆಯ ಮೇಲೆ ಕೂತವು. ದೊಡ್ಡಪ್ಪ ನನ್ನನ್ನು ಎತ್ತಿ ಮೇಜಿನ ಮೇಲೆ, ಅಲ್ಯೂಮಿನಿಯಂ ಚೂರುಗಳ ನಡುವೆ ನಿಲ್ಲಿಸಿದರು. ದೊಡ್ಡಮ್ಮ ಸೌಟು ಹಿಡಿದೇ ಓಡಿ ಬಂದು, "ಮೂರು ಸಲ ಹೋಗಿ ನೀವು ಎಂಜಿನ್ ಎಣಿಸಿದ್ರಿ. ಆ ಹೆಂಗಸಿಗೆ ಬೆಳಗಾದದ್ದು ಯಾವಾಗ ಅಂತ ಒಬ್ರಾದ್ರೂ ಕೇಳಿದ್ರಾ?" ಎಂದರು. ಅಷ್ಟರಲ್ಲಿ ತಲೆಯ ಮೇಲೆ ಒಂದು ವಿಮಾನ ಹೋಯಿತು. ಆ ಮನೆಯಲ್ಲಿ ಮೊದಲ ಬಾರಿಗೆ ಯಾರೂ ಮಾತು ನಿಲ್ಲಿಸಲಿಲ್ಲ. ಅದನ್ನೂ ಬರೆದಿದ್ದೇನೆ.

ಉಳಿದದ್ದಕ್ಕೆ ಆರು ವಾರ ಹಿಡಿಯಿತು. ಅನುಮತಿ ಪಡೆದು ಬೆಟ್ಟದ ಹಿಂದೆ ಹೋದವರಿಗೆ ಒಂದು ತೊರೆಯ ಬದಿಯಲ್ಲಿ, ಬೇರುಗಳು ಬಿಗಿದು ಹಿಡಿದಿದ್ದ ಎಂಜಿನ್ ಸಿಕ್ಕಿತು. ಅದರ ಫಲಕದ ಸಂಖ್ಯೆ ಐವಿ ಅಜ್ಜಿಯ ಅಣ್ಣನ ವಿಮಾನದ್ದೇ. ಯಾವುದನ್ನೂ ಕದಲಿಸದೆ, ಫೋಟೋ ತೆಗೆದು ಅಧಿಕಾರಿಗಳಿಗೆ ತಿಳಿಸಿದರು. ದೊಡ್ಡಪ್ಪ ತೊರೆಯ ದಡದಲ್ಲಿ ಚಪ್ಪಲಿ ಬಿಟ್ಟು ನಿಂತರಂತೆ. ಲಿಮ್ ಅಂಕಲ್ ಊದುಬತ್ತಿ ಹಚ್ಚಿದರಂತೆ. ಐವಿ ಅಜ್ಜಿಗೆ ಫೋನ್ ಮಾಡುವ ಹೊತ್ತನ್ನು ಲೆಕ್ಕ ಹಾಕುವ ಕೆಲಸ ನನಗೇ ಬಂತು. ನಮಗೆ ಸಂಜೆ ಆರು, ಅವರಿಗೆ ಬೆಳಗ್ಗೆ ಹತ್ತು. ದೊಡ್ಡಪ್ಪ ಜಾಗದ ಹೆಸರು ಹೇಳಿದರು. ಆ ಕಡೆಯಿಂದ ಒಂದು ತೆಳ್ಳನೆಯ ದನಿ, ಬಾಯಲ್ಲಿ ಬೆಲ್ಲ ಇಟ್ಟುಕೊಂಡ ಹಾಗೆ, ಬುಕಿಟ್ ಕೆನಂಗ, ಬುಕಿಟ್ ಕೆನಂಗ ಎಂದು ಹೇಳಿಕೊಳ್ಳತೊಡಗಿತು. ಏಳು ಸಲ ಎಣಿಸಿದೆ. ಆಮೇಲೆ ಆಕೆ ನಗತೊಡಗಿದ್ದರಿಂದ ಎಣಿಕೆ ತಪ್ಪಿತು.

ಹನ್ನೆರಡನೆಯ ಕಾಗದದ ಜೊತೆ ಕಲ್ಲಿನ ಫೋಟೋ ಬಂತು. ಖಾಲಿ ಸಾಲಿನಲ್ಲಿ ಆ ತೋಟದ ಹೆಸರನ್ನು ಹೊಸದಾಗಿ, ಬೆಳ್ಳಗೆ ಕೆತ್ತಿದ್ದರು. ಆ ಕಾಗದದಲ್ಲಿ ಪ್ರಶ್ನೆ ಇರಲಿಲ್ಲ. ಆಮೇಲೆ ಕಾಗದಗಳೂ ಬರಲಿಲ್ಲ. ಭಾಕಿಯಂ ಪಾಟಿ ಹೋದರು, ಲಿಮ್ ಅಂಕಲ್ ಹೋದರು, ಎರಡು ವರ್ಷದ ಹಿಂದೆ ದೊಡ್ಡಪ್ಪನೂ ಹೋದರು. ಆ ಸಾಲುಮನೆಯನ್ನು ಕೊಂಡವರು ಒಳಗಿನ ಗೋಡೆಗಳನ್ನೆಲ್ಲ ಒಡೆಸಿದರು. ಒಂದೂ ಐದು ಎಂದು ಬರೆದಿದ್ದ ಪಟ್ಟಿಯನ್ನು ಅದಕ್ಕೆ ಮೊದಲೇ ಕಿತ್ತು ತಂದು, ನನ್ನ ಒಂಬತ್ತು ದಿನಚರಿಗಳ ಮೇಲೆ ಮಡಚಿ ಇಟ್ಟಿದ್ದೇನೆ.

ಇವತ್ತು ಬೆಳಗ್ಗೆ ಏಳೂ ಹತ್ತಕ್ಕೆ ಸೂರ್ಯ ಹುಟ್ಟಿದ. ಈಗ ನಮ್ಮೊಂದಿಗಿರುವ ದೊಡ್ಡಮ್ಮ ಬಸಳೆ ಹೆಚ್ಚುತ್ತ, "ತೆಂಗಿನಕಾಯಿ ತರುವಾಗ ಅಲುಗಿಸಿ ನೋಡು, ಹೋದ ಸಲ ನೀನು ತಂದದ್ದು..." ಎನ್ನುವಷ್ಟರಲ್ಲಿ ಸದ್ದು ಬಂತು. ಅವರು ಕತ್ತಿ ನಿಲ್ಲಿಸಿ ತೋರುಬೆರಳು ಎತ್ತಿದರು. ಎಂಜಿನ್ನಿನ ಜಾತಿ ಹೇಳುವವರು ಯಾರೂ ಇರಲಿಲ್ಲ. ಕಿಟಕಿಯ ಗಾಜು ನಡುಗಿ ಸುಮ್ಮನಾಯಿತು. "...ನೀರೇ ಇರಲಿಲ್ಲ" ಎಂದರು ದೊಡ್ಡಮ್ಮ. ಇವತ್ತು ಹಾರಿದ ವಿಮಾನ ಮೂರು. ಮೂರಕ್ಕೂ ಮಾತು ನಿಲ್ಲಿಸಿದೆವು.